ಆಯ್ತಕ್ಕನ ಕಿವಿಯೊಳಗಿನ ಗಂಟೆ

ರಕ್ತಪರೀಕ್ಷೆಗೆಂದು ಕೈ ಚಾಚಿ ಕೂತವನಿಗೆ ಸೂಜಿಗಿಂತ ಮೊದಲು ಒಂದು ಮಾತು ಬೇಕು. ಕೆಲವರು ‘ಇರುವೆ ಕಚ್ಚಿದ ಹಾಗೆ ಅಷ್ಟೇ’ ಅನ್ನುತ್ತಾರೆ. ಆ ಇರುವೆ ಯಾವ ಕಾಡಿನದೋ. ಇನ್ನು ಕೆಲವರು ಒಂದು, ಎರಡು, ಮೂರು ಎಂದು ಎಣಿಸುತ್ತಾರೆ. ಮೂರು ಬರುವಷ್ಟರಲ್ಲಿ ಕೂತವನ ತೋಳು ಕೊರಡಾಗಿರುತ್ತದೆ. ನಾನು ಹೇಳಹೊರಟಿರುವ ಹೆಂಗಸು ಇದ್ಯಾವುದನ್ನೂ ಮಾಡುವುದಿಲ್ಲ. ಸೂಜಿ ಚರ್ಮಕ್ಕೆ ತಾಕುವ ಒಂದು ಕ್ಷಣ ಮುಂಚೆ, ಕೆಲಸ ಮುಗಿಸಿದವಳ ದನಿಯಲ್ಲಿ, ‘ಆಯ್ತು’ ಅನ್ನುತ್ತಾಳೆ. ಮುಗಿಯಿತಲ್ಲ ಎಂದು ತೋಳು ಸಡಿಲವಾಗುತ್ತದೆ. ಆ ಸಡಿಲದಲ್ಲೇ ಸೂಜಿ ಒಳಗೆ. ನಮಗೆ ತಿಳಿಯುವ ಹೊತ್ತಿಗೆ ಟ್ಯೂಬು ಅರ್ಧ ತುಂಬಿರುತ್ತದೆ.

ಶುದ್ಧ ಸುಳ್ಳು. ಆದರೆ ನಮಗೆ ದಿನಬೆಳಗಾದರೆ ಹೇಳಲಾಗುವ ಸುಳ್ಳುಗಳ ಸಾಲಿನಲ್ಲಿಟ್ಟು ನೋಡಿದರೆ, ಕೇಳಿದವನಿಗೆ ನೋವಾಗದಿರಲಿ ಎಂದು ಹೇಳಿದ ಸುಳ್ಳು ಇದೊಂದೇ ಇರಬೇಕು. ಹನ್ನೊಂದು ವರ್ಷದಿಂದ ಆಕೆ ಇದನ್ನು ಹೇಳುತ್ತ ಬಂದಿದ್ದಾಳೆ. ಹಾಗಾಗಿ ಅವಳ ಸ್ವಂತ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಮಿಕ್ಕ ಎಲ್ಲ ಕಡೆ ಅವಳು ಆಯ್ತಕ್ಕ.

ಕೆಲಸ ಒಂದು ಲ್ಯಾಬಿನಲ್ಲಿ, ಆದರೆ ಲ್ಯಾಬಿನೊಳಗಲ್ಲ. ಬೆಳಗಿನ ಆರಕ್ಕೆ ಸ್ಕೂಟರಿನ ಹಿಂದೆ ನೀಲಿ ಡಬ್ಬಿ ಕಟ್ಟಿಕೊಂಡು ಹೊರಟರೆ ಒಂಬತ್ತೂವರೆಯೊಳಗೆ ಹದಿನಾಲ್ಕು ಮನೆ. ಅದರಲ್ಲಿ ಏಳಕ್ಕೆ ಲಿಫ್ಟಿಲ್ಲ, ಮೂರಕ್ಕೆ ಲಿಫ್ಟಿದ್ದೂ ಇಲ್ಲ. ಎಲ್ಲರೂ ಹಿಂದಿನ ರಾತ್ರಿಯಿಂದ ಉಪವಾಸವಿದ್ದವರು. ಖಾಲಿ ಹೊಟ್ಟೆಯ ಮನುಷ್ಯನ ಸ್ವಭಾವ ಗೊತ್ತಲ್ಲ, ಅವನಿಗೆ ಹೆಂಡತಿ ಉಸಿರಾಡಿದರೂ ತಪ್ಪು. ಅಂಥ ಹದಿನಾಲ್ಕು ಜನರನ್ನು ದಿನವೂ ಚುಚ್ಚಿ, ಹದಿನಾಲ್ಕು ಕಡೆಯೂ ನಗುಮುಖದಿಂದ ಬೀಳ್ಕೊಡಿಸಿಕೊಂಡು ಬರುವುದು ಹುಡುಗಾಟವಲ್ಲ. ಅದಕ್ಕೆ ಇದ್ದದ್ದು ಒಂದೇ ಗುಟ್ಟು: ಒಂದು ತೋಳಿಗೆ ಒಂದೇ ಚುಚ್ಚು. ಎರಡನೆಯದಕ್ಕೆ ಹೋದವಳಲ್ಲ.

ಹೀಗಿರುವಾಗ ಲ್ಯಾಬಿಗೆ ಹೊಸ ಮ್ಯಾನೇಜರು ಬಂದ. ಅವನ ಹಿಂದೆಯೇ ಒಂದು ರಟ್ಟಿನ ಪೆಟ್ಟಿಗೆಯೂ ಬಂತು. ಅದರಲ್ಲಿ ಹತ್ತು ವೈರಿಲ್ಲದ ಹೆಡ್‌ಸೆಟ್ಟು, ಮನೆಮನೆಗೆ ಹೋಗುವ ಹತ್ತೂ ಹೆಂಗಸರಿಗೆ ಒಂದೊಂದು. ಡ್ಯೂಟಿ ಮುಗಿಯುವ ತನಕ ಕಿವಿಯಲ್ಲಿರಬೇಕು, ಮೂರನೇ ರಿಂಗಿನೊಳಗೆ ಎತ್ತಬೇಕು. ‘ಎಲ್ಲಿದೀಯಾ, ಎಷ್ಟಾಯ್ತು, ಮುಂದಿನದು ಯಾವ ಮನೆ’ ಎಂದು ಅವನು ಕೇಳುತ್ತಲೇ ಇರುತ್ತಾನೆ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಲಿಗಳು ಕೇಳಿದ್ದು ಹಳೆಯ ಕಾಲ. ಈಗ ಬೆಕ್ಕೇ ಬಂದು ಇಲಿಗಳ ಕಿವಿಗೆ ಗಂಟೆ ಕಟ್ಟಿ ಹೋಗುತ್ತದೆ.

ಆ ಗಂಟೆಯ ಸದ್ದು ಹೇಗಿತ್ತೆಂದರೆ, ಬಾತುಕೋಳಿಯನ್ನು ತಗಡಿನ ಡಬ್ಬಿಗೆ ಹಾಕಿ, ಮುಚ್ಚಳ ಹಾಕಿ, ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ. ಅದೂ ದೂರದಿಂದಲ್ಲ, ಕಿವಿಯ ತೂತಿನೊಳಗೆ. ಮಾತಿನ ಸದ್ದನ್ನು ಇಳಿಸಬಹುದಿತ್ತು, ಗಂಟೆಯ ಸದ್ದು ಇಳಿಯುತ್ತಿರಲಿಲ್ಲ. ಎಲ್ಲೋ ಒಂದು ತಂಪು ಕೋಣೆಯಲ್ಲಿ ಕೂತ ಯಾರೋ ಒಬ್ಬ, ಕೈಯಲ್ಲಿ ಸೂಜಿಯನ್ನಾಗಲಿ ಉಳಿಯನ್ನಾಗಲಿ ಹಿಡಿದೇ ಗೊತ್ತಿಲ್ಲದವನು, ‘ಇದಿರಲಿ’ ಎಂದು ಬೆರಳೊತ್ತಿ ಮನೆಗೆ ಹೋಗಿದ್ದಾನೆ. ಅವನ ಆ ಒಂದು ಬೆರಳಿಗೆ ಸಾವಿರಾರು ಜನ ಬೆಚ್ಚಿಬೀಳುತ್ತಾರೆ. ಅವನನ್ನು ಯಾರೂ ಕೇಳುವುದಿಲ್ಲ.

ಮೊದಲು ಪೆಟ್ಟು ತಿಂದವರು ಬಂಡೆ ಸರ್. ವ್ಯಾಯಾಮಶಾಲೆಯ ಮಾಲೀಕರು, ತೋಳೆಂದರೆ ಕುಂಬಳಕಾಯಿ, ಅದರ ಮೇಲೆ ಹಗ್ಗದಂಥ ನರಗಳು. ಬಾಗಿಲಲ್ಲಿ ನಿಂತು ಎಸೆದರೂ ಸೂಜಿ ನರಕ್ಕೇ ಹೋಗಿ ಬೀಳಬೇಕು. ಆಯ್ತಕ್ಕ ‘ಆಯ್ತು’ ಅಂದಳು, ಬಂಡೆ ಸರ್ ಸಡಿಲಾದರು, ಸೂಜಿ ತಾಕಿತು, ಬಾತುಕೋಳಿ ಉರುಳಿತು. ಆಯ್ತಕ್ಕನ ಕೈ ಹಾರಿತು. ನರ ತಪ್ಪಿ ಪಕ್ಕದ ಮಾಂಸದಲ್ಲಿ ರಕ್ತ ಹೆಪ್ಪುಗಟ್ಟಿ ನೀಲಿಯಾಯಿತು. ಅದನ್ನು ನೋಡಿದ ಬಂಡೆ ಹಾಗೇ ಸೋಫಾದ ಮೇಲೆ ಕುಸಿಯಿತು. ಹೆಂಡತಿ ನೀರು ಚಿಮುಕಿಸಿ, ‘ನೂರು ಕೆಜಿ ಎತ್ತುತ್ತಾರಂತೆ’ ಎಂದು ಆಯ್ತಕ್ಕನಿಗೆ ಕಣ್ಣು ಮಿಟುಕಿಸಿದರು. ಅದೇ ಎಡವಟ್ಟಾಯಿತು. ಚುಚ್ಚಿದ ನೋವಿಗಲ್ಲ, ಆ ಕಣ್ಮಿಟುಕಿಗೆ ಬಂಡೆ ಸರ್ ಲ್ಯಾಬಿಗೆ ದೂರು ಬರೆದರು.

ಎರಡನೆಯ ದೂರು ನನ್ನದು. ಮುಚ್ಚಿಟ್ಟು ಏನು ಪ್ರಯೋಜನ. ಸಕ್ಕರೆ ಪರೀಕ್ಷೆಗೆ ಕೂತಿದ್ದೆ, ಅವಳ ಕೈ ಹಾರಿತು, ಹೊಸ ಸೂಜಿ ತೆಗೆದು ಇನ್ನೊಮ್ಮೆ ಚುಚ್ಚಿದಳು. ಅವಳ ಕಿವಿಯಲ್ಲಿ ಏನಾಯಿತೆಂದು ಕೇಳುವ ಸೌಜನ್ಯ ಹಸಿದ ಹೊಟ್ಟೆಗಿರಲಿಲ್ಲ. ಲ್ಯಾಬಿನ ಆ್ಯಪಿನಲ್ಲಿ ಎರಡು ಚುಚ್ಚಿಗೆ ಎರಡು ನಕ್ಷತ್ರ ಕೊಟ್ಟು, ‘ಅಜಾಗರೂಕತೆ’ ಎಂಬ ದೊಡ್ಡ ಪದವನ್ನು ಬೇರೆ ಬರೆದೆ. ಊರಿನ ಅನ್ಯಾಯವೆಲ್ಲ ನನಗೇ ಕಾಣುತ್ತದೆ ಎಂದುಕೊಂಡವನ ಕಣ್ಣಿಗೆ ಒಂದು ಮೊಳ ದೂರದ ಕಿವಿ ಕಾಣಲಿಲ್ಲ. ಆಮೇಲೆ ವಿಷಯ ತಿಳಿದು ಬದಲಿಸಲು ಹೋದರೆ ಆ್ಯಪು ಬಿಡಲಿಲ್ಲ. ಒಮ್ಮೆ ಕೊಟ್ಟ ನಕ್ಷತ್ರ ಕೊಟ್ಟಿದ್ದೇ ಅಂತೆ.

ಮೂರು ದೂರಿಗೆ ಏನಾಗುತ್ತದೆ ಎಂಬುದು ಹೊಸ ನಿಯಮದಲ್ಲಿ ಸ್ಪಷ್ಟವಾಗಿತ್ತು. ಮನೆಮನೆಯ ತಿರುಗಾಟ ಬಂದ್, ನೆಲಮಾಳಿಗೆಯಲ್ಲಿ ಕೂತು ಟ್ಯೂಬುಗಳಿಗೆ ಲೇಬಲ್ ಅಂಟಿಸಬೇಕು. ಆ ಕೋಣೆಗೆ ಕಿಟಕಿಯಿಲ್ಲ, ಟ್ಯೂಬುಲೈಟಿನ ಗುಂಯ್‌ಗುಟ್ಟುವಿಕೆ ಬಿಟ್ಟರೆ ಮಾತಿಲ್ಲ. ಸಂಬಳ ಅಷ್ಟೇ, ಒಂದು ಪೈಸೆ ಕಡಿಮೆಯಿಲ್ಲ. ‘ಮತ್ತೇನು ಕಷ್ಟ, ನೆರಳಲ್ಲಿ ಕೂತು ಮಾಡೋ ಕೆಲಸ’ ಎಂದು ಗಂಡ ಸಮಾಧಾನ ಹೇಳಿದ.

“ನೀನು ಕಾರ್ಪೆಂಟರ್ ತಾನೆ?” ಅಂದಳು ಆಯ್ತಕ್ಕ. “ನಾಳೆಯಿಂದ ಮರ ಮುಟ್ಬೇಡ, ನೆರಳಲ್ಲಿ ಕೂತು ಮೊಳೆ ಎಣಿಸು ಅಂದ್ರೆ ಎಣಿಸ್ತೀಯಾ?”

ಅವಳ ಕೈಗೆ ಗೊತ್ತಿದ್ದದ್ದು ಅದೊಂದೇ ವಿದ್ಯೆ. ಯಾವ ಮನೆಯಲ್ಲಿ ಎಡಗೈ, ಯಾವ ಮನೆಯಲ್ಲಿ ಬಲಗೈ, ಯಾರಿಗೆ ಮಾತಾಡಿಸುತ್ತಾ ಚುಚ್ಚಬೇಕು, ಯಾರಿಗೆ ಬೈಯುತ್ತಾ ಚುಚ್ಚಬೇಕು ಎಂಬುದೆಲ್ಲ ಅವಳ ಬೆರಳಲ್ಲಿತ್ತು. ಅದನ್ನು ಲೇಬಲ್ಲಿನ ಅಂಟಿನಲ್ಲಿ ಒರೆಸಿ ಹಾಕುವುದು ಹೇಗೆ?

ಕಾಲೇಜಿಗೆ ಹೋಗುವ ಮಗಳು, ‘ಅಷ್ಟೇನಾ, ರಿಂಗ್‌ಟೋನ್ ಬದಲಾಯಿಸಿದ್ರೆ ಮುಗೀತು’ ಎಂದು ಫೋನಿಗೆ ಕೊಳಲಿನ ಒಂದು ರಾಗ ಹಾಕಿಕೊಟ್ಟಳು. ಮರುದಿನ ಬೆಳಿಗ್ಗೆ ಚೀಲದಲ್ಲಿದ್ದ ಫೋನು ಕೊಳಲು ಊದಿತು. ಕಿವಿಯಲ್ಲಿದ್ದದ್ದು ಅದೇ ಬಾತುಕೋಳಿ. ಒಳಗೆ ಕೊಲೆ, ಹೊರಗೆ ಸಂಗೀತ. ಮಗಳು ಮತ್ತೆ ಮತ್ತೆ ಬದಲಿಸಿದಳು. ವೀಣೆ ಬಂತು, ಹಕ್ಕಿ ಬಂತು, ಸಮುದ್ರ ಬಂತು. ಬಾತುಕೋಳಿ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಆಯ್ತಕ್ಕ ಮ್ಯಾನೇಜರನ ಮುಂದೆ ನಿಂತಳು.

“ಸರ್, ಈ ಸೌಂಡಿಗೆ ಕೈ ಹಾರುತ್ತೆ. ಬೇರೆ ಯಾವುದಾದ್ರೂ ಹಾಕಿಸಿಕೊಡಿ.”

“ಅದು ಹಾಗೇ ಬರೋದು ಕಣಮ್ಮ.”

“ಹಾಗಾದ್ರೆ ಚುಚ್ಚೋವಾಗ ತೆಗೆದಿಡ್ತೀನಿ.”

“ತೆಗೆದಿಟ್ರೆ ನಾನು ಹೇಗೆ ಹಿಡೀಲಿ ನಿನ್ನ? ಮಿಕ್ಕ ಒಂಬತ್ತು ಜನಕ್ಕೆ ಇಲ್ಲದ ಕಿವಿ ನಿನಗೊಬ್ಬಳಿಗೆ ಇದೆಯಾ?”

ಮಿಕ್ಕ ಒಂಬತ್ತು ಜನರೂ ಬೆಚ್ಚುತ್ತಲೇ ಇದ್ದರು, ಬಾಯಿ ಬಿಟ್ಟಿರಲಿಲ್ಲ ಅಷ್ಟೇ. ‘ಅದು ಹಾಗೇ ಬರೋದು.’ ಈ ಜಗತ್ತಿನ ಅರ್ಧ ಅನ್ಯಾಯ ಈ ಮೂರು ಪದಗಳ ಕಂಬಳಿ ಹೊದ್ದು ಬೆಚ್ಚಗೆ ಮಲಗಿದೆ ಎಂಬುದು ನನ್ನ ಬಹುದಿನದ ಗುಮಾನಿ. ಯಾವುದೂ ಹಾಗೇ ಬರುವುದಿಲ್ಲ. ಯಾರೋ ಹಾಗೆ ಮಾಡಿ ಕಳಿಸಿರುತ್ತಾರೆ.

ಗುರುವಾರ ಎಕ್ಸ್‌ಚೇಂಜ್ ಅಜ್ಜಿಯ ಸರದಿ. ಹದಿನೈದು ದಿನಕ್ಕೊಮ್ಮೆ ರಕ್ತ ಕೊಡಲೇಬೇಕಾದ, ಎಂಬತ್ತೆರಡರ ಅಜ್ಜಿ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಆಪರೇಟರ್ ಆಗಿದ್ದವರು. ಚುಚ್ಚಿಸಿಕೊಂಡೂ ಚುಚ್ಚಿಸಿಕೊಂಡೂ ಅವರ ಎರಡೂ ತೋಳಿನ ನರಗಳು ಬತ್ತಿಹೋಗಿ, ಎಡಗೈಯ ಮಣಿಕಟ್ಟಿನ ಮೇಲೆ ದಾರದೆಳೆಯಷ್ಟು ಒಂದೇ ಒಂದು ಉಳಿದಿತ್ತು. ಅದನ್ನು ಕೆಡಿಸಿದರೆ ಮುಂದೆ ಆಸ್ಪತ್ರೆಯೇ ಗತಿ. ಆಯ್ತಕ್ಕ ಒಳಗೆ ಬಂದವಳೇ ಹೆಡ್‌ಸೆಟ್ಟು ಕಿತ್ತು ಮೇಜಿನ ಮೇಲಿಟ್ಟಳು. ಏನಾದರೂ ಆಗಲಿ, ಈ ಕೈ ಮೇಲೆ ಪಣ ಕಟ್ಟುವುದಿಲ್ಲ.

‘ಆಯ್ತು’ ಅಂದಳು. ಸೂಜಿ ಹೋಯಿತು. ಸರಿಯಾಗಿ ಆಗಲೇ ಮೇಜಿನ ಮೇಲೆ ಬಾತುಕೋಳಿ ಉರುಳಿತು.

“ಏನೇ ಅದು?” ಅಂದರು ಅಜ್ಜಿ. “ಯಾರ ಕತ್ತು ಹಿಚುಕ್ತಿದಾರೆ?”

“ನಂದೇ ಅಜ್ಜಿ. ಮ್ಯಾನೇಜರ್ ಫೋನು.”

“ಇದನ್ನ ಕಿವಿಗೆ ಹಾಕ್ಕೊಂಡು ಸೂಜಿ ಹಿಡೀತೀಯಾ?”

ಟ್ಯೂಬು ತುಂಬುವಷ್ಟರಲ್ಲಿ ಆಯ್ತಕ್ಕ ಎಲ್ಲ ಹೇಳಿದಳು. ಕರೆ ತಪ್ಪಿದ್ದಕ್ಕೆ ಅಷ್ಟರಲ್ಲೇ ಮ್ಯಾನೇಜರನ ಸಂದೇಶವೂ ಬಂತು: ಇನ್ನೊಮ್ಮೆ ಹೀಗಾದರೆ ಅದನ್ನೂ ದೂರೆಂದೇ ಲೆಕ್ಕ. ಅಜ್ಜಿ ಹತ್ತಿ ಒತ್ತಿಕೊಂಡು ಕೇಳುತ್ತಿದ್ದವರು ಕೊನೆಗೆ ಮಾತಾಡಿದರು.

“ನಾನೂ ಮೂವತ್ತೊಂದು ವರ್ಷ ತಲೆ ಮೇಲೆ ಹೆಡ್‌ಸೆಟ್ ಹೊತ್ತವಳು ಕಣೇ. ಬೇಸಿಗೇಲಿ ಕಿವಿ ಬೆಂದುಹೋಗೋದು. ಆದ್ರೆ ಒಂದು ದಿನ, ಒಂದೇ ಒಂದು ದಿನ, ಅದು ಕಿವೀಲಿ ಕಿರುಚಲಿಲ್ಲ. ಕರೆ ಬಂದ್ರೆ ಮುಂದಿನ ಬೋರ್ಡಲ್ಲಿ ಪುಟ್ಟ ದೀಪ ಹೊತ್ಕೊಳ್ಳೋದು, ಅಷ್ಟೇ. ದೂರದಲ್ಲಿರೋನನ್ನ ಕರೆಯೋಕೆ ಗಂಟೆ. ಎದುರಿಗೆ ಕೂತು ಕೆಲಸ ಮಾಡೋಳಿಗೆ ಯಾತಕ್ಕೆ?”

“ಬದಲಾಯಿಸೋಕಾಗಲ್ವಂತೆ ಅಜ್ಜಿ. ಮಗಳು ಎಲ್ಲಾ ಹಾಕಿ ನೋಡಿದ್ಲು.”

“ಎಲ್ಲಿ ಹಾಕಿದ್ಲು?”

“ಫೋನಿಗೆ.”

“ಕಿರುಚೋದು ಫೋನಾ, ಇದಾ?” ಅಜ್ಜಿ ಹೆಡ್‌ಸೆಟ್ಟನ್ನು ಸತ್ತ ಜಿರಲೆಯನ್ನು ಎತ್ತುವಂತೆ ಎರಡು ಬೆರಳಲ್ಲಿ ಎತ್ತಿದರು. “ತಾಳು, ನಾನು ಫೋನ್ ಹೊಡೀತೀನಿ.”

ಗೂಡಿನಲ್ಲಿದ್ದ ಹಳೆಯ ಫೋನಿನಿಂದ ನಂಬರು ಒತ್ತಿದರು. ಚೀಲದಲ್ಲಿ ಸಮುದ್ರ ಮೊರೆಯಿತು, ಅಜ್ಜಿಯ ಬೆರಳ ನಡುವೆ ಬಾತುಕೋಳಿ ಅರಚಿತು.

“ನೋಡಿದ್ಯಾ, ಗಂಟೆ ಎರಡಿದೆ. ನೀವು ಬೀಗ ಹಾಕಿರೋದು ಪಕ್ಕದ ಮನೆಗೆ. ಇದಕ್ಕೆ ‘ನಿನ್ನ ಗಂಟೆ ಬೇಡ, ಫೋನು ಹೇಳಿದ್ದನ್ನ ಹೇಳು’ ಅಂತ ಎಲ್ಲೋ ಒಂದ್ಕಡೆ ತಿಳಿಸ್ಬೇಕು. ಹುಡುಕು.”

ಹುಡುಕಿದರು. ಅಜ್ಜಿಗೆ ಕಣ್ಣು ಸಾಲದು, ಆಯ್ತಕ್ಕನಿಗೆ ತಾಳ್ಮೆ ಸಾಲದು. ಒಬ್ಬರದನ್ನು ಇನ್ನೊಬ್ಬರು ತುಂಬಿಕೊಂಡರು. ಬ್ಲೂಟೂತಿನ ಪಟ್ಟಿಯಲ್ಲಿ ಹೆಡ್‌ಸೆಟ್ಟಿನ ಹೆಸರು, ಅದರ ಪಕ್ಕದಲ್ಲಿ ಸಾಸಿವೆಯಷ್ಟು ಒಂದು ಹಲ್ಲುಚಕ್ರ, ಅದನ್ನು ಒತ್ತಿದರೆ ಒಳಗೆ ಏಳು ಸಾಲು. ಆರನೆಯ ಸಾಲು, ‘ಫೋನಿನ ರಿಂಗ್‌ಟೋನನ್ನೇ ಕೇಳಿಸು’. ಅದು ಆಫ್ ಆಗಿತ್ತು. ಒಂದು ಬೆರಳು ಸಾಕಾಯಿತು. ಎರಡು ದೂರು, ಒಂದು ಎಚ್ಚರಿಕೆ, ಬಂಡೆ ಸರ್ ಮರ್ಯಾದೆ, ಎಲ್ಲವೂ ಈ ಸಾಸಿವೆಯ ಹಿಂದೆ ಅಡಗಿ ಕೂತಿತ್ತು.

“ಈಗ ಯಾವುದು ಹಾಕ್ಲಿ ಅಜ್ಜಿ? ಕೊಳಲಾ, ಸಮುದ್ರಾನಾ?”

“ಅದೂ ಒಂದಿನ ಬೆಚ್ಚಿಸುತ್ತೆ. ನಿನ್ನ ಕೈ ಸಡಿಲ ಆಗೋ ಅಂಥದ್ದು ಬೇಕು.” ಅಜ್ಜಿ ಸ್ವಲ್ಪ ಯೋಚಿಸಿದರು. “ನೀನು ಚುಚ್ಚೋಕೆ ಮುಂಚೆನೇ ಆಯ್ತು ಅಂತೀಯಲ್ಲ, ನನಗೆ ಮೂರು ವರ್ಷದಿಂದ ಗೊತ್ತು ಕಣೇ ಕಳ್ಳಿ. ಗೊತ್ತಿದ್ರೂ ನನ್ನ ತೋಳು ಪ್ರತಿ ಸಲ ನಂಬುತ್ತೆ. ಅದನ್ನೇ ನಿನಗೂ ಹೇಳಿದ್ರಾಯ್ತು. ರೆಕಾರ್ಡ್ ಮಾಡ್ಕೋ.”

ಒಂದು ಲೋಟ ನೀರು ಕುಡಿದು, ಬೆನ್ನು ನೆಟ್ಟಗೆ ಮಾಡಿ, ಸೆರಗು ಸರಿಪಡಿಸಿಕೊಂಡು ಅಜ್ಜಿ ಶುರುಮಾಡಿದರು. “ನಮಸ್ಕಾರ. ತಮಗೊಂದು ಕರೆ ಬಂದಿದೆ. ದಯವಿಟ್ಟು ಸ್ವೀಕರಿಸಿ.”

“ಅಜ್ಜಿ, ಇದನ್ನ ಕೇಳಿದ್ರೆ ಎದ್ದು ನಿಲ್ಬೇಕು ಅನ್ಸುತ್ತೆ.”

“ಅಭ್ಯಾಸ ಬಲ. ಇನ್ನೊಂದ್ಸಲ.” ಈ ಸಲ ಬೆನ್ನು ಕುರ್ಚಿಗೆ ಒರಗಿತು. ಮೊಮ್ಮಗುವಿನ ತಲೆ ಸವರುವ ದನಿ. “ಆಯ್ತು ಕಣಮ್ಮಾ... ಆಯ್ತು.”

ಸೋಮವಾರದ ಪಟ್ಟಿಯಲ್ಲಿ ನಾಲ್ಕನೆಯ ಹೆಸರು ಬಂಡೆ ಸರ್. ಬಾಗಿಲು ತೆರೆದವರ ಮುಖದಲ್ಲಿ ಹಸಿವು, ಭಯ, ಹಗೆ ಮೂರೂ ಇದ್ದವು. ಮೂರನೆಯ ದೂರು ಕೊಡುವುದೂ ಬಿಡುವುದೂ ಅವರ ಕೈಯಲ್ಲೇ ಇತ್ತು.

“ಇವತ್ತು ಎಷ್ಟು ಸಲ ಚುಚ್ತೀರಿ?”

“ಒಂದೇ ಸಲ ಸರ್. ಕೂತ್ಕೊಳ್ಳಿ.”

ಹೆಂಡತಿ ಮುಂಜಾಗ್ರತೆಯಾಗಿ ನೀರಿನ ಲೋಟ ಹಿಡಿದು ನಿಂತರು. ರಬ್ಬರ್ ಪಟ್ಟಿ ಬಿಗಿಯಿತು, ಸ್ಪಿರಿಟ್ಟಿನ ಹತ್ತಿ ಓಡಾಡಿತು. ಬಂಡೆ ಸರ್ ಕಣ್ಣು ಬಿಗಿಯಾಗಿ ಮುಚ್ಚಿದರು. ಆಯ್ತಕ್ಕ ಬಾಯಿಬಿಟ್ಟು ‘ಆಯ್ತು’ ಅಂದಳು. ಅದೇ ಕ್ಷಣಕ್ಕೆ ಅವಳ ಕಿವಿಯಲ್ಲಿ ಅಜ್ಜಿ ‘ಆಯ್ತು ಕಣಮ್ಮಾ’ ಅಂದರು. ಬಂಡೆ ಸರ್ ತೋಳು ಸಡಿಲಾಯಿತು, ಆಯ್ತಕ್ಕನ ಭುಜವೂ ಇಳಿಯಿತು. ಸೂಜಿ ಬೆಣ್ಣೆಗೆ ಹೋದಂತೆ ಹೋಯಿತು. ಮೊದಲ ಟ್ಯೂಬು ತುಂಬಿತು, ಎರಡನೆಯದೂ ತುಂಬಿತು. ಅಜ್ಜಿ ಅವಸರವಿಲ್ಲದೆ ಹೇಳುತ್ತಲೇ ಇದ್ದರು. ಹತ್ತಿ ಒತ್ತಿ, ಸೂಜಿಯನ್ನು ಡಬ್ಬಿಗೆ ಹಾಕಿದ ಮೇಲೆ ಆಯ್ತಕ್ಕ ಗುಂಡಿ ಒತ್ತಿದಳು.

“ಮೂರನೇ ರಿಂಗಿಗೆ ಎತ್ಬೇಕು ಅಂದಿದ್ದೆ,” ಅಂದ ಮ್ಯಾನೇಜರು. “ಇದು ಎಂಟನೇದು.”

“ರಿಂಗ್ ಎಲ್ಲಿ ಸರ್ ಬಂತು? ಕಿವೀಲಿ ಅಜ್ಜಿ ಮಾತಾಡ್ತಿದ್ರು. ದೊಡ್ಡವರು ಮಾತಾಡೋವಾಗ ಮಧ್ಯೆ ಬಾಯಿ ಹಾಕೋಕಾಗುತ್ತಾ?”

ಬಂಡೆ ಸರ್ ಒಂದು ಕಣ್ಣು ತೆರೆದರು. “ಯಾರು ಅದು?”

“ನಮ್ಮ ಮ್ಯಾನೇಜರ್ ಸರ್. ಆವತ್ತೂ ಇವರೇ ಫೋನ್ ಮಾಡಿದ್ದು. ಅದಕ್ಕೇ ಕೈ ಹಾರಿದ್ದು. ಇನ್ನೊಂದು ದೂರು ಬಂದ್ರೆ ನನ್ನನ್ನ ಲೇಬಲ್ ಅಂಟಿಸೋಕೆ ಕೂರಿಸ್ತಾರೆ.”

ಬಂಡೆ ಸರ್ ತಮ್ಮ ತೋಳು ನೋಡಿಕೊಂಡರು. ಸಾಸಿವೆಯಷ್ಟೂ ನೀಲಿಯಿರಲಿಲ್ಲ. ಹೆಂಡತಿ ತಮ್ಮ ಕೈಯಲ್ಲಿದ್ದ ಲೋಟದ ನೀರನ್ನು ತಾವೇ ಕುಡಿದರು.

ಅಂದು ಮಧ್ಯಾಹ್ನ ಲ್ಯಾಬಿಗೆ ಮೂರನೆಯ ದೂರು ಬಂತು. ತಿಂಡಿ ತಿಂದಾದ ಮೇಲೆ ಬರೆದದ್ದು, ಹಾಗಾಗಿ ಭಾಷೆ ಮರ್ಯಾದೆಯಾಗೇ ಇತ್ತು. ‘ರಕ್ತ ತೆಗೆದವರ ಕೆಲಸ ಅಚ್ಚುಕಟ್ಟು. ಆದರೆ ಸೂಜಿ ಒಳಗಿರುವಾಗ ಫೋನು ಮಾಡುವ ಒಬ್ಬರು ನಿಮ್ಮಲ್ಲಿದ್ದಾರೆ. ದಯವಿಟ್ಟು ಅವರನ್ನು ಲೇಬಲ್ ಅಂಟಿಸುವ ಕೆಲಸಕ್ಕೆ ಹಾಕಿ.’