ಹಲಗೆ ಬಿಡದ ಮರಗಪ್ಪೆ

ಮದ್ದೂರಿನಿಂದ ಮಳವಳ್ಳಿಗೆ ಹೊರಟ ನಮ್ಮ, ಇದ್ದಿಲು ಉರಿಸಿ ಓಡಿಸುವ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅತ್ತೆ ಸೊಸೆ ಇಬ್ಬರು ಹಲಗೆಯ ಮೇಲೆ ಕಪ್ಪೆ ಹೊತ್ತು ಮಳೆ ಬೇಡುತ್ತ ಬಂದರು. ನೀರು ಹುಯ್ದಾಗ ಕಪ್ಪೆ ನೆಗೆದರೆ ಮಳೆ ಬರುವುದೆಂದು ಇಲ್ಲಿನವರ ನಂಬಿಕೆ. ನನ್ನ ಚೊಂಬಿನ ನೀರು ಹುಯ್ದೆ, ಅದು ಕದಲಲಿಲ್ಲ. ಬಗ್ಗಿ ನೋಡಿದರೆ, ಬೆರಳ ತುದಿಯ ದುಂಡನೆಯ ಬಿಲ್ಲೆಗಳಿಂದ ಹಲಗೆಯನ್ನು ಕಚ್ಚಿಕೊಂಡು ಕೂತಿತ್ತು.

“ಇದು ಮರಗಪ್ಪೆಯಲ್ವೇನಮ್ಮ?” ಎಂದೆ.

“ಊಂ ಕಣವ್ವ. ಕೆರೆ ಒಣಗೈತೆ, ಬಚ್ಚಲಲ್ಲಿ ಇದೇ ಸಿಕ್ಕಿದ್ದು,” ಎಂದಳು ಅತ್ತೆ.

“ನಮ್ ಪೈರು ಸುಟ್ಟೋಯ್ತಾ ಐತೆ, ಇದ್ಕೆ ಸೋಂಬೇರಿತನ,” ಎಂದು ಸೊಸೆ ಅದನ್ನು ಹಿಂದಿನಿಂದ ತಿವಿದಳು. ಕಪ್ಪೆ ನೆಗೆದು ಬಸ್ಸಿನ ತಗಡಿಗೆ ಅಂಟಿತು. “ನೆಗೀತು ನೋಡತ್ತೆ.”

ಅತ್ತೆ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಹಲಗೆಯ ಮೇಲಿಟ್ಟಳು.

“ತಿವಿದಿದ್ದು ಲೆಕ್ಕಕ್ಕಿಲ್ಲ ಕಣೆ. ನಡಿ, ಮುಂದ್ಲೂರ್ಗೆ.”