ಹಾರ ಹಾಕಿಸಿಕೊಂಡವನು ಹಡಗು ಹತ್ತಲಿಲ್ಲ

ಥರ್ಮಾಮೀಟರನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಿರುವ ಮನುಷ್ಯ ತನ್ನ ಪರವಾಗಿ ಒಂದು ಮಾತನ್ನೂ ಆಡಲಾರ. ಮನೆಯಲ್ಲಿ ಯಾರಿಗಾದರೂ ಮೈ ಬಿಸಿಯಾಗಿ, ಔಷಧಿಯ ಡಬ್ಬಿಯಿಂದ ಆ ಗಾಜಿನ ಕಡ್ಡಿಯನ್ನು ತೆಗೆದು ಜಾಡಿಸುವಾಗಲೆಲ್ಲ ನನಗೆ ಈ ನಿಸ್ಸಹಾಯಕತೆ ನೆನಪಾಗುತ್ತದೆ. ಕೋರ್ಟಿನಲ್ಲಿ ಆರೋಪಿಗೂ ಬಾಯಿ ಬಿಡಲು ಅವಕಾಶವುಂಟು. ಇಲ್ಲಿ ಬಾಯಿ ಮುಚ್ಚಿಕೊಂಡೇ ತೀರ್ಪಿಗೆ ಕಾಯಬೇಕು. ಬೊಂಬಾಯಿಯ ಬಂದರಿನಲ್ಲಿ, ತಗಡಿನ ಸೂರೊಂದರ ಕೆಳಗೆ, ಹಾಗೆ ಬಾಯಿ ಮುಚ್ಚಿಕೊಂಡು ನಿಂತಿದ್ದ ಒಂದು ಬೆಳಗ್ಗೆ ನನ್ನ ಬದುಕಿನ ದಿಕ್ಕು ಬದಲಾಯಿತು. ಬದಲಾದದ್ದು ಒಳ್ಳೆಯದಕ್ಕೋ ಅಲ್ಲವೋ ಎಂಬುದನ್ನು, ಗೆಳೆಯರೇ, ಪೂರ್ತಿ ಕೇಳಿದ ಮೇಲೆ ನೀವೇ ಹೇಳಿ.

ಆಗ ನಾನು ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಸಮುದ್ರವನ್ನು ಕಣ್ಣಾರೆ ಕಾಣದೆಯೇ ಉಬ್ಬರವಿಳಿತಗಳ ಪಾಠ ಮಾಡುತ್ತಿದ್ದವನು. ಇಂಗ್ಲೆಂಡಿನ ಕಾಲೇಜೊಂದರಲ್ಲಿ ಉಪಾಧ್ಯಾಯರಿಗೆ ಒಂದು ವರ್ಷದ ಓದು, ಅದಕ್ಕೆ ವಿದ್ಯಾರ್ಥಿವೇತನ ಎಂದು ಪ್ರಕಟಣೆ ಬಂದಾಗ, ನಮ್ಮ ಹೆಡ್‌ಮಾಸ್ಟರು ಬೆನ್ನು ಹತ್ತಿ ನನ್ನಿಂದ ಅರ್ಜಿ ಹಾಕಿಸಿದರು. ಸಿಕ್ಕೀತೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ, ಸಿಕ್ಕಿಬಿಟ್ಟಿತು. ಅದು ನನಗೆ ಸಿಕ್ಕಿತು ಎನ್ನುವುದಕ್ಕಿಂತ ಅದಕ್ಕೆ ನಾನು ಸಿಕ್ಕಿಕೊಂಡೆ ಎನ್ನುವುದೇ ಸರಿ. ಏಕೆಂದರೆ ಸುದ್ದಿ ಬಂದ ಮರುದಿನದಿಂದಲೇ ಊರಿನವರ ಪಾಲಿಗೆ ನಾನು ಅರ್ಧ ಲಂಡನ್ನಿನವನಾಗಿದ್ದೆ. ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ ಆರಿಸುತ್ತಾ ನಿಂತರೆ, "ಅಲ್ಲಿ ಇದೆಲ್ಲಾ ಸಿಗುತ್ತಾ ಮೇಷ್ಟ್ರೇ?" ಎಂದು ಮಾರುವಾಕೆ ಮರುಕದಿಂದ ಕೇಳುತ್ತಿದ್ದಳು.

ನನ್ನ ಹೆಂಡತಿ ವಿಶಾಲು ಆಗ ಚೊಚ್ಚಲ ಬಸುರಿ. ಹೆರಿಗೆಗೆಂದು ಚಿಂತಾಮಣಿಯ ತೌರಿಗೆ ಹೊರಟಿದ್ದವಳ ಮುಂದೆ, "ಇಂಥಾ ಹೊತ್ತಲ್ಲಿ ಹೋಗೋದು ಬೇಡ ಅನ್ಸುತ್ತೆ" ಎಂದು ಒಮ್ಮೆ ರಾಗ ಎಳೆದೆ. ಅವಳು ಟ್ರಂಕಿಗೆ ಸೀರೆ ಮಡಿಸಿಡುತ್ತಾ, "ನೀವಿದ್ರೆ ಮಗು ಬೇಗ ಹುಟ್ಟುತ್ತಾ? ಅಮ್ಮ ಇದ್ದಾಳೆ. ಹೋಗಿ ಬನ್ನಿ ಅಂದ್ರೆ" ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಅವಳು ನೋಡಲಿಲ್ಲವಲ್ಲ ಎಂಬುದನ್ನೇ ಹಿಡಿದುಕೊಂಡು ಇನ್ನೊಂದು ಮಾತು ಕೇಳಬೇಕಿತ್ತೇನೋ. ಆದರೆ ಚಿಂತಾಮಣಿಯಲ್ಲಿ ನನ್ನ ಮಾವ, ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು, ಅಳಿಯ ವಿಲಾಯತಿಗೆ ಹೋಗುವ ಸುದ್ದಿಯನ್ನು ಬೀದಿಬೀದಿಗೂ ಹಂಚಿಯಾಗಿತ್ತು. ಹಿಂದೆ ಸರಿಯಲು ಎಲ್ಲೂ ಜಾಗವೇ ಉಳಿದಿರಲಿಲ್ಲ.

ಬೀಳ್ಕೊಡುಗೆಯನ್ನು ವರ್ಣಿಸಲು ಈಗಲೂ ನಾಚಿಕೆ. ನಮ್ಮೂರಿನ ಸಣ್ಣ ರೈಲಿನ ಸ್ಟೇಷನ್ನಿಗೆ ಅಷ್ಟು ಜನ ಅದುವರೆಗೆ ಬಂದಿರಲಿಕ್ಕಿಲ್ಲ. ಚೆಂಡುಹೂವಿನ ಹಾರಗಳ ಭಾರಕ್ಕೆ ಕತ್ತು ಬಗ್ಗಿ, ಹೆಡ್‌ಮಾಸ್ಟರ ಭಾಷಣದ ಭಾರಕ್ಕೆ ಇನ್ನಷ್ಟು ಬಗ್ಗಿ, ಗಾಡಿ ಹತ್ತಿದೆ. ನಂದಿಬೆಟ್ಟ ಹಿಂದೆ ಸರಿಯುತ್ತಿದ್ದಂತೆ ಎದೆಯೊಳಗೆ ಏನೋ ಗಂಟು ಬಿದ್ದಂತಾಯಿತು. ದೊಡ್ಡ ಪ್ರಯಾಣದ ಮುಂದೆ ಎಲ್ಲರಿಗೂ ಹೀಗೇ ಆಗುತ್ತದೆಂದು ಸಮಾಧಾನ ಹೇಳಿಕೊಂಡೆ.

ಆ ವರ್ಷ ಪೂರ್ವದ ದೇಶಗಳಿಂದ ಹಡಗುಗಳ ಜೊತೆಗೆ ಒಂದು ಹೊಸ ಜ್ವರವೂ ಬಂದಿಳಿದದ್ದು ಹಿರಿಯರಿಗೆ ನೆನಪಿರಬಹುದು. ಫ್ಲೂ ಎನ್ನುತ್ತಿದ್ದರು. ಐವತ್ತೇಳರ ಮುಂಗಾರಿನ ಹೊತ್ತಿಗೆ ಅದು ಪತ್ರಿಕೆಯಿಂದ ಬೀದಿಗೆ, ಬೀದಿಯಿಂದ ಮನೆಗೆ ನುಗ್ಗುತ್ತಿತ್ತು. ನಾನು ಬೊಂಬಾಯಿ ತಲುಪುವಷ್ಟರಲ್ಲಿ ನಮ್ಮನ್ನು ಒಯ್ಯಬೇಕಾಗಿದ್ದ ಹಡಗು ಬಂದರಿಗೆ ಬಾರದೆ ದೂರದಲ್ಲೇ ಲಂಗರು ಹಾಕಿತ್ತು, ಒಳಗೆ ಜ್ವರದವರಿದ್ದರು. ಹತ್ತುವವರಿಗೂ ಪರೀಕ್ಷೆಯಾಗಬೇಕು, ಮೈ ಬಿಸಿಯಿದ್ದವರು ಹಿಂದಿರುಗಬೇಕು ಎಂದು ಅಪ್ಪಣೆಯಾಗಿತ್ತು. ಕೊನೆಗೆ ನಮ್ಮ ಸರದಿ ಬಂದ ಬೆಳಗ್ಗೆ ನನಗೆ ಮೈಕೈ ನೋವು. ಲಾಡ್ಜಿನ ತಿಗಣೆಗಳ ಮೇಲೆ ತಪ್ಪು ಹೊರಿಸಿ ಸಾಲಿನಲ್ಲಿ ನಿಂತೆ. ಡಾಕ್ಟರು ಗಾಜಿನ ಕಡ್ಡಿಯನ್ನು ಬಾಯಿಂದ ತೆಗೆದು ಬೆಳಕಿಗೆ ಹಿಡಿದರು, ನನ್ನನ್ನೊಮ್ಮೆ ನೋಡಿದರು, ಕೈಯಿಂದ ಇನ್ನೊಂದು ಬಾಗಿಲು ತೋರಿಸಿದರು. ಆ ಬಾಗಿಲು ಆಸ್ಪತ್ರೆಯದಾಗಿತ್ತು.

ಅಲ್ಲಿನ ಮಂಚದ ಮೇಲೆ ಜ್ವರದಲ್ಲಿ ಬೇಯುತ್ತಾ ನಾನು ಮುಗುಳ್ನಗುತ್ತಿದ್ದೆನಂತೆ. ಜ್ವರ ತಲೆಗೇರಿದೆ ಎಂದುಕೊಂಡ ಪಕ್ಕದ ಮಂಚದವನು ನರ್ಸನ್ನು ಕೂಗಿದನಂತೆ. ತಲೆಗೇರಿದ್ದು ಜ್ವರವಲ್ಲ. ಹಡಗು ನನ್ನನ್ನು ಬಿಟ್ಟು ಹೊರಟಿತು ಎಂದು ತಿಳಿದ ಗಳಿಗೆಯಲ್ಲಿ ಎದೆಯ ಆ ಗಂಟು ತಾನಾಗಿ ಬಿಚ್ಚಿಕೊಂಡಿತ್ತು. ಹೋಗುವುದಿಲ್ಲ ಎಂದು ಹೇಳುವ ಧೈರ್ಯವಿಲ್ಲದ ನನ್ನ ಪರವಾಗಿ ಜ್ವರವೇ ಹೇಳಿಬಿಟ್ಟಿತ್ತಲ್ಲ! ಮುಂದಿನ ಹಡಗುಗಳಲ್ಲಿ ಹೀಗೆ ಉಳಿದುಹೋದವರ ನೂಕುನುಗ್ಗಲು. ಎಷ್ಟೋ ತಿಂಗಳು ಜಾಗವಿಲ್ಲ. ಮುಂದಿನ ವರ್ಷಕ್ಕೆ ನಿಮ್ಮ ಸ್ಥಾನ ಕಾದಿರುತ್ತದೆ ಎಂದು ಕಾಲೇಜಿನವರು ತಂತಿ ಕಳಿಸಿದರು. ಒಮ್ಮೆ ಬಂದು ಹೋದವನಿಗೆ ಈ ಜ್ವರ ಸದ್ಯಕ್ಕೆ ಮತ್ತೆ ಬರಲಾರದು ಎಂದು ಹೇಳಿ ಡಾಕ್ಟರು ನನ್ನನ್ನು ಕಳಿಸಿಕೊಟ್ಟರು.

ಹಿಂದಿರುಗುವ ರೈಲಿನಲ್ಲಿ ನೆಮ್ಮದಿಯ ಪಕ್ಕದಲ್ಲೇ ನಾಚಿಕೆಯೂ ಸೀಟು ಹಿಡಿದು ಕೂತಿತು. ಅಷ್ಟು ಹಾರ, ಅಷ್ಟು ಭಾಷಣ! ಯಾವ ಮುಖ ಹೊತ್ತು ಊರಿಗೆ ಹೋಗಲಿ? ಗುಂತಕಲ್ಲಿನಲ್ಲಿ ಗಾಡಿ ಬದಲಾಯಿಸಿದವನು ಗೌರಿಬಿದನೂರು ಬಂದೊಡನೆ ಇಳಿದುಬಿಟ್ಟೆ. ಅಲ್ಲಿ ನನ್ನ ಅಕ್ಕನ ಮನೆ. ಅಂಗಳದಲ್ಲಿ ರಾಗಿ ಕೇರುತ್ತಿದ್ದ ಅಕ್ಕ ನನ್ನನ್ನು ಕಂಡು ಮೊರವನ್ನು ಕೆಳಗಿಟ್ಟಳು. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, "ಸ್ವಲ್ಪ ದಿನ ಇಲ್ಲೇ ಇರ್ತೀನಿ ಕಣೇ. ಯಾರಿಗೂ ಹೇಳ್ಬೇಡ" ಎಂದೆ.

"ಇರಪ್ಪ, ಇರು. ಯಾರಿಗೂ ತೋರ್ಸಲ್ಲ ನಿನ್ನ" ಎಂದವಳು, ನನ್ನ ಕೆನ್ನೆ ಮುಟ್ಟಿ ನೋಡಿ, "ಎಷ್ಟು ಇಳ್ದು ಹೋಗಿದ್ಯೋ! ಹಡಗು ಹಾಳಾಗ್ಲಿ, ಬಾ ಉಣ್ಣು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಹೀಗೆ ಅಕ್ಕನ ಮನೆಯ ನಡುಮನೆಯಲ್ಲಿ ಅವಿತುಕೊಂಡು, ಮುದ್ದೆ ಬಸ್ಸಾರು ಉಣ್ಣುತ್ತಾ, ನಾಳೆ ಚಿಂತಾಮಣಿಗೆ ಬರೆಯೋಣ, ನಾಡಿದ್ದು ಬರೆಯೋಣ ಎಂದು ದಿನ ದೂಡುತ್ತಿದ್ದಾಗ, ಪಕ್ಕದ ಮನೆಯ ಹುಣಿಸೆಹಣ್ಣಿನ ವ್ಯಾಪಾರಿ ಚಿಂತಾಮಣಿಯ ಸಂತೆಯಿಂದ ಬಂದವರು ಅಕ್ಕನ ಹತ್ತಿರ ಬಾಗಿಲಲ್ಲೇ ನಿಂತು ಹೇಳಿದ್ದು ಒಳಗೆ ನನ್ನ ಕಿವಿಗೂ ಬಿತ್ತು. "ಅಲ್ಲಿ ಬೀದಿಬೀದಿಗೇ ಜ್ವರ ಕಣಮ್ಮ. ನಿಮ್ಮ ತಮ್ಮನೋರ ಮಾವನ ಮನೇಲಿ ಒಲೆ ಹಚ್ಚೋರಿಲ್ಲ. ದಿನ ತುಂಬಿದ ಆ ಹೆಣ್ಮಗೂಗೂ ಬಂದೈತಂತೆ. ಪಾಪ, ಗಂಡ ಸಮುದ್ರದ ಮೇಲವ್ರೆ."

ಸಮುದ್ರದ ಮೇಲಿದ್ದ ಗಂಡ ನಡುಮನೆಯಿಂದ ಎದ್ದು ಬಂದು ಚಪ್ಪಲಿ ಮೆಟ್ಟಿಕೊಂಡ. ವ್ಯಾಪಾರಿ ಬಾಯಿ ತೆರೆದದ್ದು ಮುಚ್ಚಲಿಲ್ಲ.

ಚಿಂತಾಮಣಿಗೆ ಬಸ್ಸು ಚಿಕ್ಕಬಳ್ಳಾಪುರದ ಮೇಲೆಯೇ ಹೋಗಬೇಕು. ಯಾವ ಊರಿಗೆ ಮುಖ ತೋರಿಸಲಾರೆನೆಂದು ಅವಿತಿದ್ದೆನೋ ಅದೇ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸಲು ಇಳಿದಾಗ, ಆ ನಾಚಿಕೆಯೇ ನೆನಪಾಗಲಿಲ್ಲ. ಹಣ್ಣಿನ ಗಾಡಿಯ ಮಸ್ತಾನ್ ಸಾಬರು, ನನ್ನ ವಿದ್ಯಾರ್ಥಿಯೊಬ್ಬನ ತಂದೆ, ಹುಬ್ಬೇರಿಸಿದರು. "ಏನ್ ಮೇಷ್ಟ್ರೇ! ಲಂಡನ್‌ನಿಂದ ಇಷ್ಟು ಬೇಗ?"

"ಹೋಗ್ಲೇ ಇಲ್ಲ ಸಾಬ್ರೇ. ಮನೇವ್ರಿಗೆ ಜ್ವರ, ಚಿಂತಾಮಣೀಲಿ. ದಿನ ತುಂಬಿದೆ."

ಅವರ ನಗು ಅಲ್ಲೇ ನಿಂತಿತು. ಗಾಡಿಯ ಮೂಸಂಬಿಗಳನ್ನು ಬಾಚಿ ಬಾಚಿ ನನ್ನ ಚೀಲಕ್ಕೆ ಸುರಿದು, ನಾನು ಜೇಬಿಗೆ ಕೈ ಹಾಕುವುದನ್ನು ತಡೆದು, ಹೊರಟಿದ್ದ ಬಸ್ಸಿಗೆ ಅಡ್ಡ ನಿಂತು ನನ್ನನ್ನು ಹತ್ತಿಸಿದರು. "ಖುದಾ ಇದ್ದಾನೆ, ಹೋಗಿ" ಎಂದರು. ಮೊನ್ನೆಯ ಹಾರಗಳೆಲ್ಲಕ್ಕಿಂತ ಆ ಚೀಲ ಹಗುರವಾಗಿತ್ತು; ಮಡಿಲಲ್ಲಿಟ್ಟುಕೊಂಡು, ಶಿಡ್ಲಘಟ್ಟದ ರೇಷ್ಮೆ ಬೇಯಿಸುವ ವಾಸನೆಯನ್ನು ದಾಟಿ, ದಾರಿಯುದ್ದಕ್ಕೂ ಬಸ್ಸನ್ನು ನಾನೇ ದೂಡುತ್ತಿರುವಂತೆ ಕಾಲು ಒತ್ತಿಕೊಂಡು ಕೂತಿದ್ದೆ.

ಮಾವನವರ ಮನೆಯ ಬಾಗಿಲು ತೆರೆದೇ ಇತ್ತು. ನಡುಮನೆಯಲ್ಲಿ ಚಾಪೆಗಳ ಮೇಲೆ ಮಾವ, ಅತ್ತೆ, ಒಳಕೋಣೆಯಲ್ಲಿ ವಿಶಾಲು. ತುಟಿ ಒಣಗಿ, ಕೂದಲು ಹಣೆಗಂಟಿ, ಕಣ್ಣು ಅರೆತೆರೆದು ನನ್ನನ್ನು ಬಹಳ ಹೊತ್ತು ನೋಡಿದಳು. ಆಮೇಲೆ, ಯಾವುದೋ ಸಾಮಾನ್ಯ ಸಂಗತಿಯನ್ನು ವಿಚಾರಿಸುವವಳಂತೆ ಕೇಳಿದಳು: "ಹಡಗು ಚಿಂತಾಮಣಿ ತನಕ ಬಂತೇನ್ರೀ?"

"ಬಂತು" ಎಂದೆ. ಮೂಸಂಬಿಯ ಚೀಲವನ್ನು ಅವಳ ತಲೆಯ ಬಳಿ ಇಟ್ಟು ಹಣೆ ಮುಟ್ಟಿ ನೋಡಿದೆ.

ಸರ್ಕಾರಿ ಡಾಕ್ಟರೂ ಮಲಗಿದ್ದರು. ಕಾಂಪೌಂಡರು ಬಾಟಲಿಗಳಿಗೆ ಮಿಕ್ಸ್‌ಚರು ತುಂಬಿಕೊಡುತ್ತಿದ್ದರು. ಬೀದಿಯಲ್ಲಿ ಅವರಿವರನ್ನು ಕರೆಯೋಣವೆಂದರೆ ಮನೆಮನೆಯದೂ ಅದೇ ಪಾಡು. ಒಮ್ಮೆ ಜ್ವರ ಕಂಡು ಎದ್ದವನು ನಾನೊಬ್ಬನೇ. ಹಾಗಾಗಿ ಭೂಗೋಳದ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಒಲೆ ಊದಿದ. ಬಾವಿಯಿಂದ ನೀರು ಸೇದಿದ, ಗಂಜಿ ಕಾಯಿಸಿದ, ಒದ್ದೆ ಬಟ್ಟೆ ಹಣೆಗಿಟ್ಟ, ಮೂಸಂಬಿ ಹಿಂಡಿದ. ವಿಶಾಲು ಕುಡಿದಳು, ಮಾವ ಕಣ್ಣು ಮುಚ್ಚಿಕೊಂಡೇ ಕುಡಿದರು. ಕಷ್ಟವಾದದ್ದು ಅತ್ತೆಯದು. ಮದುವೆಯಾದಾಗಿನಿಂದ ಆಕೆ ನನ್ನೆದುರು ನಿಂತವರಲ್ಲ. ನನಗೆ ಏನು ಹೇಳಬೇಕಾದರೂ ಬಾಗಿಲ ಮರೆಯಿಂದ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು: "ಅಳಿಯಂದ್ರು ಇನ್ನೊಂದು ಸೌಟು ಹಾಕಿಸ್ಕೋಬೇಕಂತೆ." ಈಗ ನಾನು ಗಂಜಿಯ ಲೋಟ ಹಿಡಿದು ಹತ್ತಿರ ಹೋದರೆ, ಅಷ್ಟು ಜ್ವರದಲ್ಲೂ ಸೆರಗನ್ನು ತಲೆಯ ಮೇಲೆಳೆದು ಗೋಡೆಗೆ ತಿರುಗಿದರು. "ಅಯ್ಯೋ, ಅಳಿಯಂದ್ರ ಕೈಲಿ ಮಾಡಿಸ್ಕೋಬಾರ್ದು. ನಂಗೇನೂ ಬೇಡ."

ನನಗೂ ದಾರಿ ತೋಚದೆ ಕಂಬದ ಕಡೆ ತಿರುಗಿದೆ. "ಕಂಬಪ್ಪಾ, ಅತ್ತೆಯೋರು ಗಂಜಿ ಕುಡೀದಿದ್ರೆ ಅಳಿಯನೂ ಊಟ ಮಾಡಲ್ವಂತೆ ಅಂತ ಸ್ವಲ್ಪ ಹೇಳಪ್ಪ."

ಸೆರಗಿನೊಳಗಿಂದ ಕೆಮ್ಮೊಂದು ಕೇಳಿಸಿತು, ಕೆಮ್ಮಲ್ಲ, ನಗು. ಒಳಕೋಣೆಯಿಂದಲೂ ಕ್ಷೀಣವಾದ ಇನ್ನೊಂದು ನಗು ಬಂತು. ಅತ್ತೆ ಗೋಡೆಯ ಕಡೆಗೇ ಮುಖವಿಟ್ಟು ಕೈಯನ್ನು ಹಿಂದಕ್ಕೆ ಚಾಚಿ ಲೋಟ ತೆಗೆದುಕೊಂಡರು.

ವಿಶಾಲುವಿನ ಜ್ವರ ಇಳಿದು, ಮೈ ಬೆವರಿ, ಅವಳು ಮೊದಲ ಬಾರಿಗೆ ನೆಟ್ಟಗೆ ನಿದ್ದೆ ಮಾಡಿ ಎದ್ದ ಮರುದಿನವೇ ನೋವು ಶುರುವಾಯಿತು. ಸೂಲಗಿತ್ತಿ ಮುನಿಯಮ್ಮನನ್ನು ನಾನೇ ಓಡಿಹೋಗಿ ಕರೆತಂದೆ. ಅತ್ತೆ ಇನ್ನೂ ಮೇಲೇಳದ ಮನೆಯಲ್ಲಿ ಬಿಸಿನೀರು, ಬಟ್ಟೆ, ದೀಪದೆಣ್ಣೆ ಎಲ್ಲಕ್ಕೂ ನಾನೇ. ಬಾಗಿಲ ಹೊರಗೆ ಕೊಡ ಹಿಡಿದು ನಿಂತಿದ್ದಾಗ ಒಳಗಿನಿಂದ ಬಂದ ಒಂದೊಂದು ಕೂಗಿಗೂ ಅದನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತಿದ್ದೆ. ಜ್ವರದಲ್ಲಿ ಸೊರಗಿದ ಮೈ, ತಡೆದೀತೇ? ಆ ಹಡಗಿನಲ್ಲಿ ನಾನಿದ್ದಿದ್ದರೆ ಈ ಹೊತ್ತಿಗೆ ಮೆಡಿಟರೇನಿಯನ್ ಸಮುದ್ರದ ಮೇಲೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದೆ; ಇಲ್ಲಿನ ಸಂಗತಿ, ಒಳ್ಳೆಯದಿರಲಿ ಕೆಟ್ಟದ್ದಿರಲಿ, ವಾರಗಳ ಮೇಲೆ ತಿಳಿಯುತ್ತಿತ್ತು. ಭೂಪಟದಲ್ಲಿ ಗೇಣುದ್ದ ಕಾಣುವ ದೂರ ನಿಜಕ್ಕೂ ಎಷ್ಟೆಂಬುದು ಆ ಬಾಗಿಲ ಹೊರಗೆ ನನಗೆ ಅರ್ಥವಾಯಿತು.

ಬಿಸಿಲು ಅಂಗಳದಿಂದ ಜಗಲಿಗೆ ಏರುವ ಹೊತ್ತಿಗೆ ಮಗು ಅತ್ತಿತು. ಮುನಿಯಮ್ಮ ಬೆವರೊರೆಸಿಕೊಳ್ಳುತ್ತಾ ಹೊರಗೆ ಬಂದು, "ಆಡಪಿಲ್ಲ ನಾಯನಾ! ಹೆಣ್ಣು. ಇಬ್ರೂ ಗಟ್ಟಿಯಾಗವ್ರೆ" ಎಂದಳು. ನಾನು ಕೊಡವನ್ನು ಕೆಳಗಿಡಲು ಮರೆತು ಅದನ್ನೇ ಅಪ್ಪಿಕೊಂಡು ಕೂತುಬಿಟ್ಟೆ.

ಚಿಕ್ಕಬಳ್ಳಾಪುರಕ್ಕೆ ಹಿಂದಿರುಗಿದಾಗ ಅಪಹಾಸ್ಯಕ್ಕೆ ಸಿದ್ಧನಾಗಿಯೇ ಹೋದೆ. ಆದರೆ ಹಾಸ್ಯ ಮಾಡಬೇಕಾದವರು ಅರ್ಧಕ್ಕರ್ಧ ಹಾಸಿಗೆ ಹಿಡಿದಿದ್ದರು. ಮಫ್ಲರು ಸುತ್ತಿಕೊಂಡು ಕೋಲೂರಿ ಶಾಲೆಗೆ ಬಂದಿದ್ದ ಹೆಡ್‌ಮಾಸ್ಟರು ನನ್ನನ್ನು ಕಂಡು, "ಸದ್ಯ, ಬಂದ್ರಲ್ಲ! ಪಾಠ ಮಾಡೋಕೆ ಒಬ್ರೂ ಇಲ್ಲ ಕಣ್ರೀ. ಹೋಗಿ, ಹೋಗಿ, ಕ್ಲಾಸಿಗೆ ಹೋಗಿ" ಎಂದರು. ಲಂಡನ್ನಿನ ವಿಷಯ ಅಲ್ಲಿಗೆ ಮುಗಿಯಿತು.

ಪೂರ್ತಿ ಮುಗಿದಿರಲಿಲ್ಲ. ಮಗುವಿಗೆ ಕೂರುವುದು ಬಂದ ಮೇಲೆ ಅತ್ತೆಯೇ ಅದನ್ನೂ ವಿಶಾಲುವನ್ನೂ ಕರೆತಂದು ನಮ್ಮಲ್ಲಿ ಕೆಲವು ದಿನ ಉಳಿದಿದ್ದರು. ಅದೇ ಸಮಯಕ್ಕೆ ಕಾಲೇಜಿನವರು ಮತ್ತೆ ಕೇಳಿದರು: ಈ ವರ್ಷ ಬರುವಿರೋ? ನಾನು ಯಾರಿಗೂ ಏನೂ ಹೇಳದೆ ಒಂದೆರಡು ದಿನ ಸುಮ್ಮನಿದ್ದೆ. ವಿಶಾಲುವಿಗೆ ನಾನು ಸುಮ್ಮನಿರುವುದೇ ಸಾಕು, ಎಲ್ಲವೂ ತಿಳಿಯುತ್ತದೆ; ಅವಳಿಂದ ಅತ್ತೆಗೂ ತಿಳಿಯಿತು. ಒಂದು ಸಂಜೆ ನಾನು ಜಗಲಿಯಲ್ಲಿ ಕೂತಿದ್ದಾಗ ಅತ್ತೆ ಮಗುವನ್ನೆತ್ತಿಕೊಂಡು ಬಂದು, ಮರೆಯಿಲ್ಲದೆ, ಕಂಬವಿಲ್ಲದೆ, ನನ್ನೆದುರಿಗೇ ಕೂತರು.

"ಹೋಗು ನಾಯನಾ" ಎಂದರು, ನೇರವಾಗಿ ನನ್ನ ಮುಖ ನೋಡಿ. "ಇವ್ರನ್ನ ನಾ ನೋಡ್ಕೋತೀನಿ. ನೀನು ಓದ್ಬೇಕು ಅಂತಿದ್ರೆ ಹೋಗು."

ಅಳಿಯಂದಿರು ಎನ್ನುತ್ತಿದ್ದವರ ಬಾಯಲ್ಲಿ ಆ ಏಕವಚನ! ನಾನು ಉತ್ತರ ಕೊಡುವ ಮೊದಲು ಒಳಗೆ ಹುಡುಕಿ ನೋಡಿದೆ, ಗೆಳೆಯರೇ, ಪ್ರಾಮಾಣಿಕವಾಗಿ. ಸ್ವಲ್ಪ ಆಸೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಸೂಯೆಜ್ ಕಾಲುವೆಯನ್ನು ಹಲಗೆಯ ಮೇಲೆ ಬರೆಯುವಾಗ ಆಗಲೂ ಸೀಮೆಸುಣ್ಣ ಒಂದು ಕ್ಷಣ ನಿಲ್ಲುತ್ತಿತ್ತು. ಆದರೆ ಹೋಗಬೇಕೆಂದು ದೂಡುವವರು ಯಾರೂ ಇಲ್ಲದಿರುವಾಗ, ಹೋಗಬೇಡವೆಂದು ತಡೆಯುವವರೂ ಇಲ್ಲದಿರುವಾಗ, ಆ ಆಸೆ ನನ್ನನ್ನು ಎಬ್ಬಿಸಿ ನಿಲ್ಲಿಸುವಷ್ಟು ದೊಡ್ಡದಾಗಿರಲಿಲ್ಲ.

"ಇಲ್ಲಮ್ಮ" ಎಂದೆ. "ಹೋಗಲ್ಲ. ನಂಗೆ ಇಷ್ಟ ಇಲ್ಲ."

ಅಷ್ಟು ಸುಲಭದ ಮಾತು. ಜ್ವರದ ನೆರವಿಲ್ಲದೆ ಅದನ್ನು ನಾನೇ ಆಡಿದ್ದೆ. ಅತ್ತೆ ತಲೆಯಾಡಿಸಿ, ಮಗುವನ್ನು ನನ್ನ ಮಡಿಲಿಗೆ ಹಾಕಿ, ಹಾಲು ಉಕ್ಕೀತೆಂದು ಒಳಗೆ ಹೋದರು. ಬಾಗಿಲ ಹಿಂದೆ ನಿಂತು ಕೇಳುತ್ತಿದ್ದ ವಿಶಾಲುವಿನ ಬಳೆಗಳು ಮೆಲ್ಲಗೆ ಸದ್ದು ಮಾಡಿದವು. ಮಗು ನನ್ನ ಕನ್ನಡಕವನ್ನು ಕಿತ್ತುಕೊಂಡು ಬಾಯಿಗಿಟ್ಟುಕೊಂಡಿತು. ಬೀದಿ, ಬೆಟ್ಟ, ಆಕಾಶ ಎಲ್ಲವೂ ಕಲಸಿ ಮಸುಕಾದವು. ಅಷ್ಟು ಹತ್ತಿರವಿದ್ದ ಮುಖವೊಂದೇ ಸ್ಪಷ್ಟವಾಗಿ ಕಾಣುತ್ತಿತ್ತು.