ಗಿರಿಜವ್ವನ ಮೈಯೊಳಗಿನ ಬಂಗಾರ

ಹದಿನಾಲ್ಕು ವಾರ ನನ್ನ ಅಕ್ಕ ಗಿರಿಜವ್ವನ ಮೂತ್ರದ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ, ಬನವಾಸಿಯಿಂದ ಹುಬ್ಬಳ್ಳಿಯವರೆಗೆ ಬಸ್ಸಿನಲ್ಲಿ ಅವಳ ಪಕ್ಕ ತೊಡೆಯ ಮೇಲಿಟ್ಟುಕೊಂಡು ಕೂತವನು ನಾನು. ಆದರೆ ಅವಳು ನಂಬಿದ್ದು ನನ್ನ ಮಾತನ್ನಲ್ಲ, ಸರಕಾರದ ಶಿಕ್ಕೆ ಮೊಹರನ್ನು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಕ ಕೌದಿ ಹೊಲಿದು ಬದುಕಿದವಳು. ನಲವತ್ತಕ್ಕೇ ಬೆರಳ ಗೆಣ್ಣುಗಳು ಬಾತು, ಬೆಳಿಗ್ಗೆ ಎದ್ದರೆ ಮುಷ್ಟಿ ಬಿಚ್ಚದಂತಾಯಿತು. ಸೂಜಿ ಹಿಡಿಯಲಾಗದಿದ್ದರೆ ಅವಳಿಗೆ ಅನ್ನವಿಲ್ಲ. ಹುಬ್ಬಳ್ಳಿಯ ಡಾಕ್ಟರು ಕೀಲುಬೇನೆ ಎಂದರು. ವಾರಕ್ಕೊಂದು ಬಂಗಾರದ ಲವಣದ ಇಂಜೆಕ್ಷನ್, ಅದು ಮೂತ್ರಪಿಂಡಕ್ಕೆ ತಾಗಿದೆಯೇ ಎಂದು ನೋಡಲು ಪ್ರತಿ ಸಲ ಮೂತ್ರ ಪರೀಕ್ಷೆ.

"ಗುಣ ಕಾಣಾಕ ಮೂರು ತಿಂಗಳು ಬೇಕು. ಆಮ್ಯಾಲೂ ಬಿಡಂಗಿಲ್ಲ, ತಿಂಗಳಿಗೊಂದರಂಗ ವರ್ಷಗಟ್ಟಲೆ. ಇದು ಜ್ವರ ಅಲ್ರಿ, ಇಳೀತಂತ ಬಿಡಾಕ."

ಹದಿನಾಲ್ಕನೇ ವಾರ ಅಕ್ಕ ತಾನೇ ಸೂಜಿಗೆ ದಾರ ಪೋಣಿಸಿದಳು. ಅದೇ ವಾರ, ಅರವತ್ತಮೂರರ ಜನವರಿಯಲ್ಲಿ, ಬಂಗಾರದ ಕಾಯ್ದೆ ಬಂತು. ಒಡವೆಯಲ್ಲದ ಬಂಗಾರವನ್ನೆಲ್ಲ ಸರಕಾರಕ್ಕೆ ತಿಳಿಸಬೇಕೆಂದು ಅಂಗಡಿಯಲ್ಲಿ ಯಾರೋ ಪೇಪರು ಓದಿದ್ದನ್ನು ಕೇಳಿಕೊಂಡು ಬಂದಳು.

"ತಮ್ಮಾ, ನನ್ನ ಮೈಯಾಗಿಂದು ಒಡವೀನೋ?"

"ಅಲ್ಲ. ಔಷಧ."

"ಬಂಗಾರ ಹೌದಲ್ಲೋ?"

"ಹೌದು, ಆದ್ರ..."

"ಮುಗೀತು. ಪೊಲೀಸ್ರು ಬಂದ್ರ ನನ್ನ ಹಿಂಡಿ ತಗದು ಕೊಡ್ತೀಯೇನು?"

ಇಂಜೆಕ್ಷನ್ ನಿಂತಿತು. ಬೈದೆ, ಕೂಗಾಡಿದೆ, ದೇವರ ಆಣೆ ಇಟ್ಟೆ. ಐದಾರು ವಾರದೊಳಗೆ ಗೆಣ್ಣುಗಳು ಮತ್ತೆ ಬಾತವು. ಸೂಜಿ ಕೈಯಿಂದ ಜಾರತೊಡಗಿತು.

ಶಿರಸಿಗೆ ಹೋಗಿ, ಒಂದು ಸರಕಾರಿ ಕಚೇರಿ ಹೊಕ್ಕು, ಮಧುಕೇಶ್ವರನೆಂಬ ಗುಮಾಸ್ತನ ಮೇಜು ಗುದ್ದಿದೆ.

"ನಮ್ಮಕ್ಕನ್ನ ಬರ್ಕೊಳ್ರಿ."

ಎಲ್ಲ ಕೇಳಿಯೂ ಅವನು ನಗಲಿಲ್ಲ. "ತೂಕ ಎಷ್ಟು?"

"ಅಕ್ಕಂದೋ, ಬಂಗಾರದ್ದೋ?"

"ಎರಡೂ ಹೇಳ್ರಿ."

ಹೇಳಿದೆ. ಅವನು ಒಂದು ಚೀಟಿ ಬರೆದ: ಗಿರಿಜವ್ವನ ಮೈಯೊಳಗಿನ ಬಂಗಾರವನ್ನು ಕಳಚಲು ಬಾರದ ಒಡವೆಯೆಂದು ತಿಳಿಯತಕ್ಕದ್ದು. ಕೆಳಗೆ, ಟಪಾಲು ಬಂದಾಗ ಒತ್ತುವ ಶಿಕ್ಕೆ ಒತ್ತಿದ.

"ಕಾಯ್ದೇದಾಗ ಇದಕ್ಕ ಬೆಲೆ ಇಲ್ರಿ. ನಿಮ್ಮಕ್ಕಗ ಓದಾಕ ಬರ್ತದೇನು?"

"ಇಲ್ಲ."

"ಹಂಗಾರ ಸಾಕು."

ಏನು ಕೊಡಲಿ ಎಂದು ಕೇಳಿದೆ.

"ಏನೂ ಬ್ಯಾಡ. ಯಲ್ಲಾಪುರದಾಗ ನಮ್ಮವ್ವಗೂ ಇದೇ ಬ್ಯಾನಿ. ಒಂದು ವಾರ ಆಕೀನ್ನೂ ನಿಮ್ ಜೋಡಿ ಆ ಡಾಕ್ಟರ ಹತ್ರ ಕರ್ಕೊಂಡು ಹೋಗ್ರಿ."

ಹೂಂ ಎಂದೆ.

ಅಕ್ಕ ಚೀಟಿಯನ್ನು ಕಣ್ಣಿಗೊತ್ತಿಕೊಂಡು ಮರುವಾರವೇ ಬಸ್ಸು ಹತ್ತಿದಳು. ಆಮೇಲೆ ಆರು ವರ್ಷ ಔಷಧವನ್ನೂ ಬಿಡಲಿಲ್ಲ, ಕೌದಿಯನ್ನೂ ಬಿಡಲಿಲ್ಲ. ಯಲ್ಲಾಪುರದ ದಾರಿ ಸುತ್ತು ಎಂದು ನಾನು ಈ ವಾರ, ಮುಂದಿನ ವಾರ ಎನ್ನುತ್ತಲೇ ಹೋದೆ. ಆ ವರ್ಷದ ಮಳೆಗಾಲ ಮುಗಿಸಿ ಯಲ್ಲಾಪುರಕ್ಕೆ ಹೋದಾಗ ಅವನ ತಾಯಿಯ ಮನೆಗೆ ಬೀಗ. ಮಧುಕೇಶ್ವರನಿಗೆ ದೂರದೂರಿಗೆ ವರ್ಗವಾಗಿ, ತಾಯಿಯನ್ನೂ ಕರೆದುಕೊಂಡು ಹೋಗಿದ್ದ. ಯಾವ ಊರೆಂದು ಪಕ್ಕದ ಮನೆಯಾಕೆಗೂ ತಿಳಿಯದು.

"ಮುದುಕಿಗೆ ಮೊಣಕಾಲು ಮಡಚ್ಲಿಕ್ಕೇ ಬರ್ತಿರ್ಲಿಲ್ಲ," ಎಂದಳು ಆಕೆ. "ಇಬ್ರು ಎತ್ತಿ ಬಸ್ಸಲ್ಲಿ ಕೂರ್ಸಿದ್ರು."